ಕಾಲಿಲ್ಲದ ಹಕ್ಕಿಯಲ್ಲ, ಗೂಬೆಯ ಮರಿಯೂ ಅಲ್ಲ

ಪ್ರಶ್ನೆ: ನಾನು ಗುಡಿಬಂಡೆ ತಾಲ್ಲೂಕಿನ ರೇಷ್ಮೆ ಬೆಳೆಗಾರ. ರೇಷ್ಮೆಗೂಡು ಹಾಕಿಕೊಂಡು ಬೆಳಗಿನ ಜಾವ ನಾಲ್ಕಕ್ಕೆಲ್ಲ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡುತ್ತೇನೆ. ದಾರಿಯಲ್ಲಿ ಎಷ್ಟೋ ಸಲ ರಸ್ತೆಯ ನಡುವೆ ಒಂದೇ ಒಂದು ಕಣ್ಣು ಕೆಂಡದ ಹಾಗೆ ಹೊಳೆಯುತ್ತಿರುತ್ತದೆ. ಗಾಡಿ ಹತ್ತಿರವಾದಾಗ ಸದ್ದೇ ಇಲ್ಲದೆ ಎದ್ದು ಕತ್ತಲಲ್ಲಿ ಮಾಯವಾಗುತ್ತದೆ. ರೆಕ್ಕೆಯಲ್ಲಿ ಬಿಳಿ ಮಚ್ಚೆ ಕಂಡಂತಾಗುತ್ತದೆ. ಕಳೆದ ವಾರ ಬಂಡೆಯ ಪಕ್ಕದ ‘ಬಂದರೆ’ ಎಂಬ ಕುರುಚಲು ಗಿಡಗಳ ನಡುವೆ ಹಸು ಮೇಯಿಸುತ್ತಿದ್ದಾಗ, ಒಣಗಿದ ಎಲೆಗಳೇ ಎದ್ದು ಹಾರಿದಂತೆ ಒಂದು ಹಕ್ಕಿ ನನ್ನ ಕಾಲಬುಡದಿಂದ ಹಾರಿತು. ಅಲ್ಲಿ ಬರಿ ನೆಲದ ಮೇಲೆ ಎರಡು ಮೊಟ್ಟೆಗಳಿದ್ದವು. ಅದಕ್ಕೆ ಕಾಲೇ ಇಲ್ಲ ಎಂದು ಮಗ ವಾದಿಸುತ್ತಾನೆ. ಅದು ಗೂಬೆಯ ಜಾತಿ, ಮಾರುಕಟ್ಟೆಗೆ ಹೋಗುವಾಗ ಎದುರಾದರೆ ಗೂಡಿನ ರೇಟು ಬೀಳುತ್ತದೆ ಎಂದು ಅಮ್ಮ ಹೇಳುತ್ತಾರೆ. ಗಾಡಿಗೆ ಸಿಕ್ಕಿ ಸತ್ತ ಇಂಥದೇ ಹಕ್ಕಿಯ ಬಾಯಿ ತೆರೆದು ತೆಗೆದ ಚಿತ್ರವನ್ನು ಪಕ್ಕದ ಊರಿನವರೊಬ್ಬರು ಮೊಬೈಲ್‌ನಲ್ಲಿ ತೋರಿಸಿದರು. ತಲೆಯೆಲ್ಲ ಬಾಯಿಯೇ! ಇವೆಲ್ಲ ಒಂದೇ ಹಕ್ಕಿಯೇ? ಏಕೆ ಇಷ್ಟು ವಿಕಾರವಾಗಿದೆ? ಆ ಮೊಟ್ಟೆಗಳನ್ನು ಏನು ಮಾಡಲಿ?

ಉತ್ತರ: ಮೊದಲು ಮೊಟ್ಟೆಗಳ ಮಾತು. ಅವನ್ನು ಇದ್ದಲ್ಲೇ ಬಿಡಿ. ಮುಟ್ಟಬೇಡಿ, ಗುರುತಿಗೆಂದು ಸುತ್ತ ಕಲ್ಲು ಜೋಡಿಸಬೇಡಿ, ಪಾಪವೆಂದು ಸೊಪ್ಪು ಮುಚ್ಚಬೇಡಿ, ಬಂದವರಿಗೆಲ್ಲ ತೋರಿಸಲು ಕರೆದೊಯ್ಯಬೇಡಿ. ಹಕ್ಕಿ ಎದ್ದು ಹೋದ ಪ್ರತಿ ಸಲವೂ ಮೊಟ್ಟೆಗಳು ಸುಡುವ ಬಿಸಿಲಿಗೆ ಬೀಳುತ್ತವೆ, ಅದಕ್ಕಿಂತ ಹೆಚ್ಚಾಗಿ ಕಾಗೆಯ ಕಣ್ಣಿಗೆ ಬೀಳುತ್ತವೆ. ಒಂದೂವರೆ ತಿಂಗಳ ಮಟ್ಟಿಗೆ ಹಸುಗಳನ್ನು ಆ ಪೊದೆಗಳಿಂದ ನೂರು ಹೆಜ್ಜೆ ಆಚೆ ಮೇಯಿಸಿದರೆ, ನಾಯಿಯನ್ನು ಆ ಕಡೆ ಬಿಡದಿದ್ದರೆ, ನೀವು ಮಾಡಬೇಕಾದದ್ದೆಲ್ಲ ಮಾಡಿದಂತೆ.

ಇನ್ನು ಹಕ್ಕಿ ಯಾವುದು ಎಂಬುದು. ನೀವು ರಸ್ತೆಯಲ್ಲಿ ಕಂಡದ್ದು, ಬಂದರೆ ಗಿಡದ ಬುಡದಿಂದ ಎಬ್ಬಿಸಿದ್ದು, ಮೊಬೈಲ್‌ನಲ್ಲಿ ನೋಡಿದ್ದು ಎಲ್ಲವೂ ಒಂದೇ ಕುಲದ ಹಕ್ಕಿ. ಕನ್ನಡದ ಪಕ್ಷಿ ಪುಸ್ತಕಗಳು ಇದನ್ನು ನತ್ತಿಂಗ ಎನ್ನುತ್ತವೆ, ಇಂಗ್ಲಿಷಿನಲ್ಲಿ ನೈಟ್‌ಜಾರ್. ನಿಮ್ಮ ಕಡೆಯ ಕುರುಚಲು, ಗೋಮಾಳ, ಬಂಡೆಯಂಚು, ಹೊಲದ ಬದುಗಳಲ್ಲಿ ಹೆಚ್ಚಾಗಿ ಇರುವುದು ಭಾರತೀಯ ನತ್ತಿಂಗ. ಶಾಸ್ತ್ರೀಯ ಹೆಸರು ಕ್ಯಾಪ್ರಿಮಲ್ಗಸ್ ಏಷ್ಯಾಟಿಕಸ್. ಉದ್ದ ಸುಮಾರು 24 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಗೊರವಂಕದಷ್ಟು. ಆದರೆ ಕೈಯಲ್ಲಿ ಹಿಡಿದರೆ ಗೊರವಂಕದ ಅರ್ಧ ತೂಕವೂ ಇಲ್ಲ. ಕಾಣುವ ಗಾತ್ರವೆಲ್ಲ ಗರಿಗಳದು.

‘ವಿಕಾರ’ ಎಂಬ ನಿಮ್ಮ ಮಾತಿಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನಾನೂ ಒಂದು ಕಾಲಕ್ಕೆ ಹಾಗೆಯೇ ಅಂದುಕೊಂಡಿದ್ದೆ. ಆ ಅಭಿಪ್ರಾಯ ಬದಲಾದದ್ದು ಒಂದು ಬೆಳಿಗ್ಗೆ. ಮಧುಗಿರಿಯಿಂದ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿಗೆ ಹೋಗುತ್ತಿದ್ದೆವು. ರಸ್ತೆಯ ಅಂಚಿನಲ್ಲಿ ಒಂದು ನತ್ತಿಂಗ ಬಿದ್ದಿತ್ತು. ರಾತ್ರಿ ಯಾವುದೋ ವಾಹನ ಬಡಿದಿತ್ತು, ಮೈ ಇನ್ನೂ ಮೆತ್ತಗಿತ್ತು. ಅದನ್ನು ದಿನಪತ್ರಿಕೆಯ ಮೇಲೆ ಮಲಗಿಸಿ, ಕಿಸೆಯಲ್ಲಿದ್ದ ಭೂತಗನ್ನಡಿ ಹಿಡಿದು ಮರದ ನೆರಳಿನಲ್ಲಿ ಕುಳಿತೆ. ಹುಲ್ಲುಗಾವಲಿಗೆ ಹೋಗಬೇಕೆಂಬುದೇ ಮರೆತುಹೋಯಿತು.

ಮೊದಲು ಕಂಡದ್ದು ಬಣ್ಣ. ದೂರದಿಂದ ಬರಿಯ ಬೂದಿ, ಕಂದು. ಗಾಜಿನಡಿ ನೋಡಿದರೆ ಒಂದೊಂದು ಗರಿಯೂ ಒಂದೊಂದು ಕುಸುರಿ. ನೆತ್ತಿಯ ನಡುವೆ ಕಪ್ಪು ಗೀರುಗಳು, ಕಾಡಿಗೆಯ ಕಡ್ಡಿಯಿಂದ ಎಳೆದಂತೆ. ಕತ್ತಿನ ಹಿಂದೆ ತೆಳು ಕೆಂಗಂದಿನ ಕೊರಳಪಟ್ಟಿ. ಭುಜದ ಗರಿಗಳ ನಡುವೆ ಕಪ್ಪು, ಅಂಚಿಗೆ ಒಣ ರಾಗಿಹುಲ್ಲಿನ ಹಳದಿ. ಬೆನ್ನಿನ ಮೇಲೆ ಬೂದಿ ಚಿಮುಕಿಸಿದಂತೆ ಸಣ್ಣ ಸಣ್ಣ ಚುಕ್ಕೆ. ಎದೆ ಮತ್ತು ಹೊಟ್ಟೆಗೆ ಅಡ್ಡಡ್ಡ ಗೆರೆಗಳು. ಗಂಟಲಿನ ಎರಡೂ ಬದಿಗೆ ಒಂದೊಂದು ಬಿಳಿ ಮಚ್ಚೆ. ರೆಕ್ಕೆ ಬಿಡಿಸಿದಾಗ ಹೊರಗಿನ ದೊಡ್ಡ ಗರಿಗಳಲ್ಲಿ ಸಣ್ಣ ಬಿಳಿ ಮಚ್ಚೆ, ಬಾಲ ಬಿಡಿಸಿದಾಗ ಎರಡೂ ಅಂಚಿನ ಗರಿಗಳ ತುದಿ ಬಿಳಿ. ಹೆಡ್‌ಲೈಟಿನಲ್ಲಿ ನಿಮಗೆ ಕಂಡಂತಾದದ್ದು ಈ ಬಿಳಿಯೇ. ಕುಳಿತಾಗ ಇದು ಪೂರ್ತಿ ಮುಚ್ಚಿಹೋಗುತ್ತದೆ, ಹಾರಿದರೆ ಮಾತ್ರ ಮಿಂಚುತ್ತದೆ.

ಈ ಬಣ್ಣಗಳು ಎಲ್ಲಿಂದ ಬಂದವು ಎಂದು ತಿಳಿಯಬೇಕಾದರೆ ನಿಮ್ಮ ಬಂಡೆಯ ಪಕ್ಕದ ನೆಲವನ್ನೇ ಒಮ್ಮೆ ಬಗ್ಗಿ ನೋಡಿ. ಗರಸು ಮಣ್ಣು, ಸವೆದ ಕಲ್ಲಿನ ಪುಡಿ, ಅರ್ಧ ಕೊಳೆತ ಎಲೆ, ಮುರಿದ ಕಡ್ಡಿ, ಅವುಗಳ ಮೇಲೆ ಬಂದರೆ ಗಿಡದ ಚೂರು ಚೂರು ನೆರಳು. ಇದಿಷ್ಟನ್ನೂ ಹೊದ್ದುಕೊಂಡಿರುವುದು ಈ ಹಕ್ಕಿ. ಬರಿ ಮಣ್ಣಿನ ಬಣ್ಣವಾಗಿದ್ದರೆ ಮಣ್ಣಿನ ಮೇಲೆ ಹಕ್ಕಿಯ ಆಕಾರವಾದರೂ ತಿಳಿಯುತ್ತಿತ್ತು. ಇಲ್ಲಿ ಕಪ್ಪು ಗೀರು ಒಂದು ಕಡೆ ಮೈಯನ್ನು ತುಂಡರಿಸುತ್ತದೆ, ಹಳದಿ ಅಂಚು ಇನ್ನೊಂದು ಕಡೆ. ತಲೆ ಎಲ್ಲಿ ಮುಗಿಯಿತು, ರೆಕ್ಕೆ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಹತ್ತುವುದಿಲ್ಲ. ಸಾಲದ್ದಕ್ಕೆ ಹಕ್ಕಿ ಎದೆಯೂರಿ ನೆಲಕ್ಕೆ ಅಂಟಿಕೊಂಡು ಕೂರುತ್ತದೆ, ಆದ್ದರಿಂದ ತನ್ನ ನೆರಳೂ ತನ್ನನ್ನು ಹಿಡಿದುಕೊಡುವುದಿಲ್ಲ.

ದೇವರಾಯನದುರ್ಗದ ತಪ್ಪಲಿನಲ್ಲಿ ಮೇಕೆ ಕಾಯುತ್ತಿದ್ದ ಅಜ್ಜನೊಬ್ಬರು ಒಮ್ಮೆ ನನಗೆ ಕಾವು ಕೂತ ನತ್ತಿಂಗವನ್ನು ತೋರಿಸಿದರು. ಕೋಲಿನ ತುದಿಯಿಂದ ‘ಅಗೋ ಅಲ್ಲಿ’ ಎಂದರು. ಎರಡು ಮಾರು ದೂರ ಅಷ್ಟೇ. ನನಗೆ ಏನೂ ಕಾಣಲಿಲ್ಲ. ಮತ್ತೆ ತೋರಿಸಿದರು, ಮತ್ತೆ ಕಾಣಲಿಲ್ಲ. ಕಡೆಗೆ, ‘ರೆಪ್ಪೆ ನೋಡಿ’ ಎಂದರು. ಎಲೆಗಳ ನಡುವೆ ಒಂದು ಬಾಗಿದ ಕಪ್ಪು ಗೆರೆ, ಅಕ್ಕಿಕಾಳಿನ ಅಗಲ. ಅದು ಅರೆ ಮುಚ್ಚಿದ ಕಣ್ಣು. ಆ ಗೆರೆ ಸಿಕ್ಕಿದ್ದೇ ತಡ, ಸುತ್ತಲಿನ ಎಲೆ ಕಡ್ಡಿಗಳೆಲ್ಲ ಒಂದೊಂದಾಗಿ ಕೂಡಿಕೊಂಡು ಇಡೀ ಹಕ್ಕಿಯಾದವು. ನಾವು ಅದನ್ನು ಹುಡುಕುತ್ತಿದ್ದ ಅಷ್ಟೂ ಹೊತ್ತು ಅದು ಆ ಸೀಳಿನಿಂದ ನಮ್ಮನ್ನು ನೋಡುತ್ತಿತ್ತು. ಹಗಲು ಅದು ಕಣ್ಣನ್ನು ಪೂರ್ತಿ ತೆರೆಯದಿರುವುದಕ್ಕೆ ಕಾರಣವಿದೆ. ಒಣ ನೆಲದ ಮೇಲೆ ದೊಡ್ಡ ಕಪ್ಪು ಗುಂಡು ಕಣ್ಣೊಂದೇ ಸಾಕು, ವೇಷವೆಲ್ಲ ಬಯಲಾಗಿಬಿಡುತ್ತದೆ.

ನಿಮ್ಮ ಕಾಲಬುಡಕ್ಕೆ ಬರುವವರೆಗೂ ಅದು ಏಕೆ ಹಾರಲಿಲ್ಲ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಹೆದರಿ ಮುಂಚೆಯೇ ಎದ್ದರೆ ಮೊಟ್ಟೆ ಇರುವ ಜಾಗವನ್ನು ತಾನೇ ತೋರಿಸಿಕೊಟ್ಟಂತೆ. ತನ್ನ ಬಣ್ಣದ ಮೇಲೆ ಅದಕ್ಕೆ ಅಷ್ಟು ಭರವಸೆ. ಆಫ್ರಿಕಾದ ಜಾಂಬಿಯಾದಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನನ್ನು ಬೆರಗುಗೊಳಿಸಿತು. ನತ್ತಿಂಗಗಳೂ ಸೇರಿದಂತೆ ಆ ಹಕ್ಕಿಗಳು ತಮ್ಮ ಜಾತಿಗೆ ಹೊಂದುವ ನೆಲವನ್ನು ಆರಿಸಿಕೊಳ್ಳುವುದಷ್ಟೇ ಅಲ್ಲ, ಒಂದೊಂದು ಹಕ್ಕಿಯೂ ತನ್ನ ಸ್ವಂತ ಮೈಬಣ್ಣಕ್ಕೋ ಮೊಟ್ಟೆಯ ಬಣ್ಣಕ್ಕೋ ಹೆಚ್ಚು ಒಪ್ಪುವ ಜಾಗವನ್ನೇ ಆರಿಸಿಕೊಳ್ಳುತ್ತದೆ ಎಂದು ಅದು ತೋರಿಸಿತು. ಕನ್ನಡಿ ಕಾಣದ ಹಕ್ಕಿ ತನ್ನ ಬಣ್ಣವನ್ನು ಹೇಗೆ ಅರಿಯುತ್ತದೆ ಎಂದು ಯೋಚಿಸುತ್ತ ಹೋದರೆ ರಾತ್ರಿಯಿಡೀ ಯೋಚಿಸಬಹುದು.

ಮೊಟ್ಟೆಗಳದೂ ಇದೇ ಕಥೆ. ನೀವು ಗೂಡು ಬೆಳೆಯುವವರು, ಈ ಹಕ್ಕಿಗೆ ಗೂಡೇ ಇಲ್ಲ. ಒಂದು ಕಡ್ಡಿಯನ್ನೂ ತಂದು ಹಾಸುವುದಿಲ್ಲ. ತೆಳು ಗುಲಾಬಿ ಛಾಯೆಯ, ಕೆಂಗಂದು ಮಚ್ಚೆಗಳ ಎರಡು ಮೊಟ್ಟೆಗಳನ್ನು ಬರಿ ನೆಲದ ಮೇಲಿಟ್ಟು ಕೂತುಬಿಡುತ್ತದೆ. ಗೂಡು ಕಟ್ಟಿದರೆ ಅದು ಕಣ್ಣಿಗೆ ಬೀಳುತ್ತದೆ. ಮೊಟ್ಟೆಯೊಡೆದು ಬರುವ ಮರಿಗಳಿಗೂ ಮಣ್ಣಿನ ಬಣ್ಣದ ನವಿರು ತುಪ್ಪಳವಿರುತ್ತದೆ, ಬೇಗನೆ ತೆವಳಿ ಪಕ್ಕದ ಪೊದೆಯ ಬುಡಕ್ಕೆ ಸರಿದುಕೊಳ್ಳುತ್ತವೆ. ಮುಂದೊಂದು ದಿನ ಆ ದಾರಿಯಲ್ಲಿ ಹೋದಾಗ ದೊಡ್ಡ ಹಕ್ಕಿ ರೆಕ್ಕೆ ಮುರಿದಂತೆ ನೆಲದ ಮೇಲೆ ಹೊರಳಾಡಿದರೆ ಗಾಯವಾಗಿದೆಯೆಂದು ಬೆನ್ನು ಹತ್ತಬೇಡಿ. ನಿಮ್ಮನ್ನು ಮರಿಗಳಿಂದ ದೂರ ಕರೆದೊಯ್ಯುವ ನಟನೆ ಅದು. ಬಂದ ದಾರಿಯಲ್ಲೇ ಹಿಂದಿರುಗಿ.

ಈಗ ಕಾಲು. ನಿಮ್ಮ ಮಗನ ವಾದವನ್ನು ತಳ್ಳಿಹಾಕಬೇಡಿ. ಅವನು ಸರಿಯಾಗಿಯೇ ನೋಡಿದ್ದಾನೆ. ಕಾಲು ಇದೆ, ಆದರೆ ಇಲ್ಲದಷ್ಟು ಚಿಕ್ಕದು. ಪತ್ರಿಕೆಯ ಮೇಲೆ ಮಲಗಿದ್ದ ಆ ಹಕ್ಕಿಯ ಕಾಲನ್ನು ಗರಿಗಳ ನಡುವೆ ಹುಡುಕಿ ಹೊರತೆಗೆಯಬೇಕಾಯಿತು. ಪಾದದ ಮೇಲಿನ ಭಾಗ ಬೆಂಕಿಕಡ್ಡಿಯ ಅರ್ಧದಷ್ಟು. ಈ ಕಾಲಿನಲ್ಲಿ ಓಡಲಾಗದು, ನೆಟ್ಟಗೆ ನಿಲ್ಲುವುದೂ ಅಷ್ಟಕ್ಕಷ್ಟೆ, ಕೊಂಬೆಯನ್ನು ಭದ್ರವಾಗಿ ಹಿಡಿಯುವ ಬಲವೂ ಇಲ್ಲ. ಆದ್ದರಿಂದ ಮರದ ಮೇಲೆ ಕೂತರೆ ಇತರ ಹಕ್ಕಿಗಳಂತೆ ಕೊಂಬೆಗೆ ಅಡ್ಡಲಾಗಿ ಕೂರದೆ ಉದ್ದಕ್ಕೆ ಮಲಗಿಕೊಳ್ಳುತ್ತದೆ. ಆಗ ಅದು ಕೊಂಬೆಯ ಮೇಲಿನ ಗಂಟು, ತೊಗಟೆಯ ಉಬ್ಬು.

ಆ ಕಾಲಿನಲ್ಲಿಯೇ ನನಗೆ ಅತ್ಯಂತ ಪ್ರಿಯವಾದ ವಸ್ತುವೊಂದಿದೆ. ನಡುಬೆರಳು ಉಳಿದ ಬೆರಳುಗಳಿಗಿಂತ ಉದ್ದ. ಅದರ ಉಗುರಿನ ಒಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾಲಾಗಿ ಹಲ್ಲುಗಳಿವೆ. ಥೇಟ್ ಹೇನು ತೆಗೆಯುವ ಬಾಚಣಿಗೆ! ಮೊದಲ ಸಲ ನೋಡಿದಾಗ ಉಗುರು ಬಿರುಕು ಬಿಟ್ಟಿದೆ ಎಂದುಕೊಂಡೆ. ಇನ್ನೊಂದು ಕಾಲನ್ನು ನೋಡಿದೆ, ಅದರಲ್ಲೂ ಅದೇ ಸಾಲು, ಅದೇ ಅಚ್ಚುಕಟ್ಟು. ಬಾಯಿಯ ಸುತ್ತಲಿನ ಮೀಸೆಯನ್ನೂ ಕೊಕ್ಕಿಗೆ ಎಟುಕದ ತಲೆಯ ಗರಿಗಳನ್ನೂ ಬಾಚಿಕೊಳ್ಳಲು ಇದು ನೆರವಾಗುತ್ತದೆ ಎಂಬುದು ಬಹುಮಂದಿ ಪಕ್ಷಿತಜ್ಞರ ವಿವರಣೆ. ಬೆಳ್ಳಕ್ಕಿಗಳ ಕಾಲಿನಲ್ಲೂ ಕಣಜಗೂಬೆಯ ಕಾಲಿನಲ್ಲೂ ಇಂಥ ಉಗುರಿದೆ.

ಬಾಯಿಯ ವಿಷಯಕ್ಕೆ ಬರೋಣ. ನಿಮ್ಮನ್ನು ಬೆಚ್ಚಿಬೀಳಿಸಿದ್ದು ಅದೇ ತಾನೆ? ಬಾಯಿ ಮುಚ್ಚಿದ್ದಾಗ ಹೊರಗೆ ಕಾಣುವ ಕೊಕ್ಕು ಭತ್ತದ ಕಾಳಿನಷ್ಟು. ಇಷ್ಟು ಪುಟ್ಟ ಕೊಕ್ಕಿನ ಹಕ್ಕಿ ಏನು ತಿಂದೀತು ಎನ್ನಿಸುತ್ತದೆ. ಆದರೆ ಬಾಯಿಯ ಸೀಳು ಕೊಕ್ಕಿನಲ್ಲಿ ನಿಲ್ಲದೆ ಕಣ್ಣಿನ ಕೆಳಗಿನವರೆಗೂ ಸಾಗಿದೆ. ಮೆಲ್ಲಗೆ ಬಿಡಿಸಿದಾಗ ತಲೆಯೇ ಎರಡು ಹೋಳಾದಂತೆ ತೆರೆದುಕೊಂಡಿತು. ಕೆಳದವಡೆ ಕೆಳಕ್ಕೆ ಇಳಿಯುವುದರ ಜೊತೆಗೆ ಅಕ್ಕಪಕ್ಕಕ್ಕೂ ಹಿಗ್ಗುತ್ತದೆ. ಒಳಗೆ ತೆಳು ಗುಲಾಬಿ ಬಣ್ಣದ ಚೀಲ. ನನ್ನ ಹೆಬ್ಬೆರಳು ಎಲ್ಲೂ ತಾಗದೆ ಒಳಗೆ ಹೋಯಿತು. ಬಾಯಿಯ ಮೇಲಂಚಿನ ಎರಡೂ ಕಡೆ ಗಡುಸಾದ ಕಪ್ಪು ಮೀಸೆಯ ಸಾಲಿದೆ. ಅದು ಕೂದಲಲ್ಲ, ರೂಪ ಬದಲಿಸಿದ ಗರಿ. ಹುಳುಗಳನ್ನು ಬಾಯಿಗೆ ತಳ್ಳುವ ಬಲೆಯೆಂದು ಇದನ್ನು ಹಿಂದೆ ಹೇಳುತ್ತಿದ್ದರು. ಹಾರುವ ಹುಳುವಿನ ಮುಳ್ಳುಗಾಲುಗಳಿಂದ ಕಣ್ಣನ್ನು ಕಾಪಾಡುವುದು, ಕತ್ತಲಲ್ಲಿ ಸ್ಪರ್ಶಕ್ಕೆ ನೆರವಾಗುವುದು ಅದರ ಕೆಲಸ ಎಂಬ ವಿವರಣೆ ನನಗೆ ಹೆಚ್ಚು ಸರಿಯೆನಿಸುತ್ತದೆ.

ಆ ಬಾಯಿ ಏಕೆ ಬೇಕು ಎಂಬುದು ಈ ಹಕ್ಕಿ ಊಟ ಸಂಪಾದಿಸುವುದನ್ನು ನೋಡಿದರೆ ತಿಳಿಯುತ್ತದೆ. ಮುಸ್ಸಂಜೆಯಲ್ಲಿ ನೆಲದ ಮೇಲೋ ಗಿಡ್ಡ ಕಲ್ಲುಕಂಬದ ಮೇಲೋ ಕೂತು ಆಕಾಶ ನೋಡುತ್ತಿರುತ್ತದೆ. ಮೇಲೆ ಹಾದುಹೋಗುವ ಪತಂಗವೋ ದುಂಬಿಯೋ ಬೆಳಕಿನ ಹಿನ್ನೆಲೆಯಲ್ಲಿ ಕಪ್ಪಗೆ ಕಂಡಾಗ ಸಟ್ಟನೆ ಎದ್ದು, ಹಾರುತ್ತಲೇ ಬಾಯಿಗೆ ಹಾಕಿಕೊಂಡು, ಇಡಿಯಾಗಿ ನುಂಗಿ ಮತ್ತೆ ಕೂರುತ್ತದೆ. ಕಚ್ಚುವುದಿಲ್ಲ, ಕುಕ್ಕುವುದಿಲ್ಲ. ಹೀಗೆ ಹಾರಾಟದಲ್ಲೇ ಹಿಡಿಯುವವರಿಗೆ ಉದ್ದ ಕೊಕ್ಕಿಗಿಂತ ಅಗಲ ಬಾಯಿಯೇ ಮೇಲು. ಮೊದಲ ಮಳೆ ಬಿದ್ದ ಸಂಜೆ ಗೊಣ್ಣೆ ಹುಳುವಿನ ದುಂಬಿಗಳು ನೆಲದಿಂದ ಎದ್ದು ಬೇವಿನ ಮರಗಳಿಗೆ ಮುತ್ತುವುದನ್ನು ನೀವು ನೋಡಿಯೇ ಇರುತ್ತೀರಿ. ಇಂಥ ದುಂಬಿಗಳೇ ಈ ಹಕ್ಕಿಯ ಹಬ್ಬದೂಟ. ನಿಮ್ಮ ಹಿಪ್ಪುನೇರಳೆಯ ಎಲೆ ಸುತ್ತುವ ಹುಳುವಿನ ತಾಯಿಯೂ ರಾತ್ರಿ ಹಾರುವ ಪತಂಗವೇ. ತೋಟದ ಬದುವಿನ ಮೇಲೆ ಕೂತ ನತ್ತಿಂಗ ನಿಮ್ಮ ಪಾಲಿಗೆ ಹಗೆಯಲ್ಲ ಎಂಬುದಕ್ಕೆ ಇಷ್ಟು ಸಾಕು.

ರೆಕ್ಕೆಯ ಸದ್ದು ಕೇಳದಿರುವುದಕ್ಕೆ ಕಾರಣ ಗರಿಗಳ ಮೃದುತ್ವ. ಬೆರಳಾಡಿಸಿದರೆ ಮಖಮಲ್ಲಿನಂತಿರುತ್ತದೆ. ಗೂಬೆಯ ರೆಕ್ಕೆಯಲ್ಲೂ ಇದೇ ಮೃದುತ್ವವಿದೆ. ಹೋಲಿಕೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

ಗೂಬೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಅಮ್ಮನಿಗೆ ಹೀಗೆ ಹೇಳಿ. ಗೂಬೆಯ ಎರಡೂ ಕಣ್ಣು ನಮ್ಮಂತೆ ಮುಂದಕ್ಕೆ ನೋಡುತ್ತವೆ, ಕೊಕ್ಕು ಕೊಕ್ಕೆಯಂತೆ ಬಾಗಿದೆ, ಕಾಲಿನಲ್ಲಿ ಇಲಿಯನ್ನು ಹಿಡಿದೆತ್ತುವ ಬಲವಾದ ಉಗುರುಗಳಿವೆ. ನತ್ತಿಂಗಕ್ಕೆ ಕಣ್ಣುಗಳು ತಲೆಯ ಎರಡು ಬದಿಗೆ, ಕೊಕ್ಕು ಹೆಸರಿಗಷ್ಟೆ, ಕಾಲು ನೀವೇ ಕಂಡಂತೆ. ಹತ್ತಿರದ ನೆಂಟರು ಬೇರೆಯೇ ಇದ್ದಾರೆ. ನಮ್ಮ ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ ಒಣ ಎಲೆಯ ಗೊಂಚಲಿನಂತೆ ಕೂರುವ ಕಪ್ಪೆಬಾಯಿ ಹಕ್ಕಿಯೊಂದಿದೆ, ಇಂಗ್ಲಿಷಿನಲ್ಲಿ ಫ್ರಾಗ್‌ಮೌತ್ ಎನ್ನುತ್ತಾರೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದಲ್ಲಿ ಪೊಟೂ ಎಂಬ ಹಕ್ಕಿಯಿದೆ. ಅದು ಮುರಿದ ಮರದ ಮೋಟಿನ ತುದಿಯಲ್ಲಿ ಕತ್ತು ಚಾಚಿ ನೆಟ್ಟಗೆ ಕೂತು ತಾನೇ ಮೋಟಾಗಿಬಿಡುತ್ತದೆ. ಅದರ ಮೇಲ್ರೆಪ್ಪೆಯ ಅಂಚಿನಲ್ಲಿ ಸಣ್ಣ ಕಚ್ಚುಗಳಿದ್ದು, ಕಣ್ಣು ಮುಚ್ಚಿದ್ದರೂ ಹೊರಗಿನ ಚಲನೆ ಅದಕ್ಕೆ ತಿಳಿಯುತ್ತದೆ. ಒಬ್ಬರು ಎಲೆಯ ವೇಷ, ಒಬ್ಬರು ಮೋಟಿನ ವೇಷ, ನಮ್ಮವನು ನೆಲದ ವೇಷ.

ಆ ಕೆಂಡದ ಕಣ್ಣು. ಹಗಲಿನಲ್ಲಿ ನೋಡಿದರೆ ನತ್ತಿಂಗದ ಕಣ್ಣು ಕೆಂಪಲ್ಲ, ಕಡುಗಂದು. ತಲೆಯ ಗಾತ್ರಕ್ಕೆ ಬಹಳ ದೊಡ್ಡದು. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಹೊರಳಿಸುವ ಪದರವಿದೆ. ಒಳಗೆ ಬಂದ ಬೆಳಕು ಒಮ್ಮೆ ಹಾದುಹೋಗಿ, ಈ ಪದರಕ್ಕೆ ತಾಗಿ, ಮತ್ತೊಮ್ಮೆ ಹಾದು ಬರುತ್ತದೆ. ಹೀಗಾಗಿ ಮಂದ ಬೆಳಕಿನಲ್ಲೂ ಹೆಚ್ಚು ಕಾಣುತ್ತದೆ. ನಿಮ್ಮ ಕೊಟ್ಟಿಗೆಯ ಹಸುವಿನ ಕಣ್ಣು ಟಾರ್ಚಿಗೆ ಹೊಳೆಯುವುದೂ ಇಂಥದೇ ಏರ್ಪಾಡಿನಿಂದ. ಒಂದೇ ಕಣ್ಣು ಕಾಣುವುದೇಕೆಂದರೆ ಕಣ್ಣುಗಳು ಬದಿಗಿವೆ, ಹಕ್ಕಿ ನಿಮಗೆ ಮಗ್ಗುಲಾಗಿ ಕೂತಿರುತ್ತದೆ.

ಅದು ರಸ್ತೆಗೇ ಏಕೆ ಬರುತ್ತದೆ? ಹಗಲೆಲ್ಲ ಕಾದ ಟಾರು ರಾತ್ರಿ ಬಹಳ ಹೊತ್ತು ಬೆಚ್ಚಗಿರುತ್ತದೆ, ತಲೆಯ ಮೇಲೆ ಮರವಿಲ್ಲದ ತೆರೆದ ಆಕಾಶ ಸಿಗುತ್ತದೆ, ಹುಳು ಕಂಡೊಡನೆ ಏಳಲು ಅಡ್ಡಿಯಿಲ್ಲ. ಮಣ್ಣು ರಸ್ತೆಯಾದರೆ ಧೂಳಿನಲ್ಲಿ ಮೈ ಹೊರಳಿಸುವ ಸುಖವೂ ಉಂಟು. ಸಾವಿರಾರು ವರ್ಷ ಈ ಹಕ್ಕಿಯನ್ನು ಕಾಪಾಡಿದ ಅಭ್ಯಾಸವೇ ಇಲ್ಲಿ ಅದಕ್ಕೆ ಮುಳುವಾಗಿದೆ. ಅಪಾಯ ಹತ್ತಿರ ಬಂದಷ್ಟೂ ಅಲ್ಲಾಡದೆ ಕೂರು ಎಂಬುದು ಅದರ ರಕ್ತದಲ್ಲಿರುವ ಪಾಠ. ನರಿಯ ಮುಂದೆ ಆ ಪಾಠ ನಡೆಯುತ್ತದೆ, ಲಾರಿಯ ಮುಂದೆ ನಡೆಯುವುದಿಲ್ಲ. ಹೆಡ್‌ಲೈಟು ನೇರವಾಗಿ ಆ ದೊಡ್ಡ ಕಣ್ಣುಗಳಿಗೆ ಹೊಡೆದಾಗ ಅದಕ್ಕೆ ದಾರಿಯೂ ತೋಚುವುದಿಲ್ಲ. ಮಧುಗಿರಿ ರಸ್ತೆಯಲ್ಲಿ ನನಗೆ ಸಿಕ್ಕ ಹಕ್ಕಿ ಹೀಗೆಯೇ ಸತ್ತದ್ದು ಎಂದು ಈಗಲೂ ನನಗೆ ಸಂಕಟವಾಗುತ್ತದೆ. ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಕೆಂಡದ ಕಣ್ಣು ಕಂಡೊಡನೆ ವೇಗ ಇಳಿಸಿ ಲೈಟನ್ನು ಡಿಮ್ ಮಾಡಿ. ಎರಡು ಕ್ಷಣ ಕೊಟ್ಟರೆ ಅದು ಎದ್ದು ಹೋಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಇತರ ಬೆಳೆಗಾರರಿಗೂ, ಮುಖ್ಯವಾಗಿ ಟೆಂಪೊ ಓಡಿಸುವವರಿಗೂ ಹೇಳಿ.

ಶಕುನದ ಬಗ್ಗೆ ಅಮ್ಮನನ್ನು ನೋಯಿಸುವ ಹಾಗೆ ಮಾತನಾಡಬೇಡಿ. ರಾತ್ರಿ ಹಾರುವ, ಕಣ್ಣು ಹೊಳೆಯುವ, ಹಗಲು ಕಾಣದ ಹಕ್ಕಿಯ ಬಗ್ಗೆ ಎಲ್ಲ ನಾಡಿನವರಿಗೂ ಅಳುಕಿತ್ತು. ಇದರ ಶಾಸ್ತ್ರೀಯ ಹೆಸರಾದ ಕ್ಯಾಪ್ರಿಮಲ್ಗಸ್ ಎಂಬ ಲ್ಯಾಟಿನ್ ಪದದ ಅರ್ಥ ‘ಮೇಕೆಯ ಹಾಲು ಕರೆಯುವುದು’. ಈ ಹಕ್ಕಿ ರಾತ್ರಿ ಬಂದು ಮೇಕೆಯ ಕೆಚ್ಚಲಿಗೆ ಬಾಯಿ ಹಾಕುತ್ತದೆ, ಅದರಿಂದ ಮೇಕೆ ಕುರುಡಾಗುತ್ತದೆ ಎಂದು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಸ್, ರೋಮ್‌ಗಳ ಪಂಡಿತರೇ ಬರೆದಿದ್ದರು. ಹಿಂಡಿನ ಸುತ್ತ ಹುಳು ಹುಪ್ಪಟೆ ಹೆಚ್ಚು, ಅವನ್ನು ಹಿಡಿಯಲು ಹಕ್ಕಿ ಬರುತ್ತಿತ್ತು, ಅಗಲ ಬಾಯಿ ನೋಡಿ ಜನ ಕಥೆ ಕಟ್ಟಿದರು. 1758ರಲ್ಲಿ, ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಆ ಸುಳ್ಳು ಆಪಾದನೆಯನ್ನೇ ಶಾಶ್ವತ ಹೆಸರಾಗಿಸಿದ. ದೇವರಾಯನದುರ್ಗದ ಆ ಮೇಕೆ ಅಜ್ಜನಿಗೆ ಈ ಕಥೆ ಹೇಳಿದಾಗ, ‘ನಮ್ಮ ಮೇಕೆ ಹಾಲನ್ನು ಇದು ಕುಡಿದದ್ದನ್ನು ನಾನಂತೂ ಕಾಣೆ’ ಎಂದರು. ಅಮ್ಮನಿಗೆ ಇನ್ನೊಂದನ್ನೂ ನೆನಪಿಸಿ. ಬುಡುಬುಡಿಕೆಯವರು ಬೆಳಗಿನ ಜಾವ ಬಾಗಿಲಿಗೆ ಬಂದು ‘ಹಾಲಕ್ಕಿ ನುಡಿಯಿತು, ಶುಭವಾಗುತ್ತದೆ’ ಎನ್ನುತ್ತಾರಲ್ಲ, ಆ ಹಾಲಕ್ಕಿ ಚುಕ್ಕೆಗಳ ಪುಟ್ಟ ಗೂಬೆ. ನಮ್ಮ ಹಿರಿಯರು ಗೂಬೆಯ ಬಾಯಲ್ಲೂ ಶುಭ ನುಡಿಸಿದವರು. ಗೂಡಿನ ರೇಟನ್ನು ನಿರ್ಧರಿಸುವುದು ಗೂಡಿನ ಗುಣ, ಅಂದು ಬಂದ ಮಾಲು, ಕೊಳ್ಳುವವರ ಅಗತ್ಯ. ಅಮ್ಮನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಶಿರಾ ಬಳಿಯ ಕಗ್ಗಲಡುವಿನಲ್ಲಿ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಮರಿ ಮಾಡುವುದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಊರಿನವರು ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಕಣ್ಣಿಗೆ ಕಾಣುವ ಹಕ್ಕಿಗೆ ಆ ಅದೃಷ್ಟವಿದೆ. ನತ್ತಿಂಗಕ್ಕೆ ಕಾಯುವವರಿಲ್ಲ, ಅದು ಇದೆಯೆಂದೇ ಗೊತ್ತಿಲ್ಲ. ಅದು ಬದುಕುವ ಗರಸು ನೆಲವನ್ನು ನಾವು ‘ಪಾಳು’ ಎಂದು ಕರೆದು ನೀಲಗಿರಿ ನೆಟ್ಟೆವು, ಇಲ್ಲವೇ ಕಲ್ಲು ಗಣಿಗೆ ಕೊಡುತ್ತೇವೆ. ಬಂದರೆ, ತಂಗಡಿ, ಕವಳೆ ಬೆಳೆದ ನಿಮ್ಮ ಆ ಬಂಡೆಯ ಪಕ್ಕದ ತುಂಡು ನೆಲ ಪಾಳಲ್ಲ. ಅಲ್ಲಿ ಯಾರೋ ಸಂಸಾರ ಮಾಡುತ್ತಿದ್ದಾರೆ.

ಕೊನೆಯದಾಗಿ, ನಿಮ್ಮದು ಭಾರತೀಯ ನತ್ತಿಂಗವೇ ಎಂದು ಖಚಿತ ಮಾಡಿಕೊಳ್ಳಬೇಕು. ಬಣ್ಣದಿಂದ ನತ್ತಿಂಗಗಳನ್ನು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ನಿಮ್ಮ ಕಡೆ ಸವನ್ನಾ ನತ್ತಿಂಗವೂ ಇರಬಹುದು. ಅದರ ಗಂಡಿಗೆ ಬಾಲದ ಹೊರಗರಿಗಳು ತುದಿಯಲ್ಲಷ್ಟೇ ಅಲ್ಲದೆ ಬಹುಪಾಲು ಬಿಳಿ. ನಂದಿಬೆಟ್ಟದಂಥ ಮರಗಳಿರುವ ಬೆಟ್ಟಗಳಲ್ಲಿ ಇನ್ನೂ ಕಪ್ಪು ಬೂದಿಯ ಕಾಡು ನತ್ತಿಂಗ ಸಿಗುತ್ತದೆ. ಕಣ್ಣಿಗಿಂತ ಕಿವಿಯನ್ನು ನಂಬಿ. ರೇಷ್ಮೆಹುಳು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಹುಳು ಬಿಟ್ಟು ಸ್ವಲ್ಪ ಬಿಡುವಾದ ಬೆಳದಿಂಗಳ ರಾತ್ರಿ, ಮಗನನ್ನೂ ಕರೆದುಕೊಂಡು ತೋಟದ ಬದುವಿನ ಮೇಲೆ ಸದ್ದಿಲ್ಲದೆ ಕೂತುಕೊಳ್ಳಿ. ಬೆಳದಿಂಗಳಿದ್ದಾಗ ಇವು ಹೆಚ್ಚು ಚುರುಕು. ಗೋಲಿಯೊಂದನ್ನು ಬಂಡೆಯ ಮೇಲೆ ಬಿಟ್ಟಾಗ ಅದು ಪುಟಿಯುತ್ತ ಪುಟಿಯುತ್ತ ಬೇಗ ಬೇಗ ಬಡಿದು ನಿಲ್ಲುತ್ತದಲ್ಲ, ‘ಚಕ್... ಚಕ್... ಚಕ್-ಚಕ್-ಚಕ್ರ್‌ರ್’, ಹಾಗೆ ಕೇಳಿದರೆ ಭಾರತೀಯ ನತ್ತಿಂಗ. ಹಾರುತ್ತ ‘ಚ್ವೀಪ್’ ಎಂದು ಒಂದೇ ಚೂಪು ಕೂಗು ಹಾಕಿದರೆ ಸವನ್ನಾ. ಗಡಿಯಾರದಂತೆ ಒಂದೇ ಸಮನೆ ‘ಚಕ್ ಚಕ್ಚಕ್’ ಎಂದು ನಿಲ್ಲದೆ ಬಡಿದರೆ ಕಾಡು ನತ್ತಿಂಗ. ಯಾವುದು ಕೇಳಿಸಿತು, ಎಷ್ಟು ಹೊತ್ತಿಗೆ ಎಂಬುದನ್ನು ಮಗನ ಕೈಯಲ್ಲೇ ಬರೆಸಿ ಕಳುಹಿಸಿ. ಕಾಲಿಲ್ಲವೆಂದು ಗಮನಿಸಿದ ಹುಡುಗನ ಕಿವಿಯೂ ಚುರುಕಾಗಿಯೇ ಇರುತ್ತದೆ.